ಪ್ರತಿ ವರ್ಷವೂ ತನ್ನ ಹಿರಿಯರನ್ನು ಬೀಳ್ಕೊಡುವ ವಾದ್ಯವೃಂದ

ನಮಸ್ಕಾರ. ಪರದೆಯ ಮೇಲೆ ನೀವು ನೋಡುತ್ತಿರುವ ಕೆಂಪು ಇಟ್ಟಿಗೆಯ ದುಂಡು ಕಟ್ಟಡವೇ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಪ್ರತಿ ಬೇಸಿಗೆಯಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ಬಹುಪಾಲು ಕಛೇರಿಗಳು ನಡೆಯುವುದು ಇಲ್ಲಿಯೇ. ಗ್ರೇಟ್ ಬ್ರಿಟನ್ನಿನ ರಾಷ್ಟ್ರೀಯ ಯುವ ವಾದ್ಯವೃಂದವನ್ನು ಕೇಳಲೆಂದು ನಾನು ಈ ಸಾಲಿನಲ್ಲಿ ನಿಂತಿದ್ದೇನೆ. ಕಛೇರಿ ನಡೆಯುವಾಗ ಕ್ಯಾಮೆರಾ ಚೀಲದಲ್ಲಿಯೇ ಇರಬೇಕಾದ್ದರಿಂದ, ಒಳಗಿನ ಸಂಗತಿಗಳಿಗೆ ನೀವು ನನ್ನ ಮಾತನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಈ ವೃಂದದಲ್ಲಿ ಹದಿಹರೆಯದ ಸುಮಾರು 160 ವಾದಕರಿದ್ದಾರೆ. ವೃತ್ತಿಪರ ಸಿಂಫನಿ ವೃಂದವೊಂದರಲ್ಲಿ ಸಾಮಾನ್ಯವಾಗಿ 80ರಿಂದ 100 ಮಂದಿ ಇರುತ್ತಾರೆ ಎಂಬುದನ್ನು ನೆನೆದರೆ ಇದರ ಗಾತ್ರ ಅಂದಾಜಿಗೆ ಸಿಗುತ್ತದೆ. ಇವರೆಲ್ಲ ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡುವವರೂ ಅಲ್ಲ. ತಮ್ಮ ತಮ್ಮ ಶಾಲೆಗಳಲ್ಲಿ ಓದುತ್ತಾ, ಹೊಸವರ್ಷ, ಈಸ್ಟರ್ ಮತ್ತು ಬೇಸಿಗೆಯ ರಜೆಗಳಲ್ಲಿ ವಸತಿ ಶಿಬಿರಗಳಿಗೆ ಬಂದು ಸೇರುತ್ತಾರೆ. ಅಲ್ಲಿ ಕಲಿತದ್ದನ್ನು ಕಛೇರಿಯಲ್ಲಿ ನುಡಿಸಿ ಮನೆಗೆ ಮರಳುತ್ತಾರೆ.

ನನ್ನನ್ನು ಹೆಚ್ಚು ಕಾಡಿದ ನಿಯಮ ಬೇರೆಯೇ ಇದೆ. ಇಲ್ಲಿ ಒಮ್ಮೆ ಆಯ್ಕೆಯಾದವರಿಗೂ ಕುರ್ಚಿ ಖಾಯಂ ಅಲ್ಲ. ಮರುವರ್ಷ ಮತ್ತೆ ಆಡಿಷನ್ ಕೊಡಬೇಕು, ಮತ್ತೆ ಗೆಲ್ಲಬೇಕು. ಹಾಗೆ ಗೆಲ್ಲುತ್ತಾ ಬಂದವರೂ ಹದಿಹರೆಯ ದಾಟುವ ಹೊತ್ತಿಗೆ ಹೊರಡಲೇಬೇಕು. ಬೇರೆ ವಾದ್ಯವೃಂದಗಳು ಒಳ್ಳೆಯ ವಾದಕರನ್ನು ದಶಕಗಳ ಕಾಲ ಉಳಿಸಿಕೊಂಡು ತಮ್ಮದೇ ಒಂದು ನಾದವನ್ನು ಬೆಳೆಸಿಕೊಳ್ಳುತ್ತವೆ. ಇದಾದರೋ ಪಳಗಿದ ಕೈಗಳನ್ನು ವರ್ಷವರ್ಷವೂ ಬಿಟ್ಟುಕೊಟ್ಟು, ಹದಿಮೂರು ಹದಿನಾಲ್ಕರ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮತ್ತೆ ಮೊದಲಿನಿಂದ ಆರಂಭಿಸುತ್ತದೆ.

ಇದನ್ನು ಕಟ್ಟಿದವರು ರೂತ್ ರೈಲ್ಟನ್. ಯುದ್ಧ ಮುಗಿದು ಇನ್ನೂ ಮೂರು ವರ್ಷ ತುಂಬಿರಲಿಲ್ಲ, ದೇಶದಲ್ಲಿ ಆಹಾರಕ್ಕೆ ಪಡಿತರವಿತ್ತು. ಅಂಥ ದಿನಗಳಲ್ಲಿ, 1948ರ ಏಪ್ರಿಲ್ 21ರಂದು, ಬಾತ್ ನಗರದಲ್ಲಿ ಮೊದಲ ಕಛೇರಿ ನಡೆಯಿತು. ಮುಂದೆ 1965ರವರೆಗೂ ರೈಲ್ಟನ್ ಅವರೇ ಇದರ ಚುಕ್ಕಾಣಿ ಹಿಡಿದಿದ್ದರು. ಇಂದು ಲೋಕಪ್ರಸಿದ್ಧ ವಾದ್ಯವೃಂದ ನಿರ್ದೇಶಕರಾಗಿರುವ ಸೈಮನ್ ರ‍್ಯಾಟಲ್ ಬಾಲ್ಯದಲ್ಲಿ ಇಲ್ಲಿ ತಾಳವಾದ್ಯ ನುಡಿಸುತ್ತಿದ್ದರು, ಇನ್ನೊಬ್ಬ ನಿರ್ದೇಶಕ ಮಾರ್ಕ್ ಎಲ್ಡರ್ ಬಾಸೂನ್ ಎಂಬ ಊದುವ ವಾದ್ಯ ನುಡಿಸುತ್ತಿದ್ದರು, ಸಂಗೀತ ರಚನಕಾರ್ತಿ ಜುಡಿತ್ ವಿಯರ್ ಓಬೊ ಎಂಬ ಇನ್ನೊಂದು ಊದುವ ವಾದ್ಯ ನುಡಿಸುತ್ತಿದ್ದರು. ಮುಂದೆ ರ‍್ಯಾಟಲ್ ಇದೇ ವೃಂದವನ್ನು ಮುನ್ನಡೆಸಲು 2002ರಲ್ಲಿ ಪ್ರಾಮ್ಸ್ ವೇದಿಕೆ ಏರಿ, ರಚನಕಾರ ಮಾಹ್ಲರನ ಎಂಟನೆಯ ಸಿಂಫನಿಯನ್ನು ನಿರ್ದೇಶಿಸಿದರು.

ಈಗ ಒಳಗೆ ಹೋಗೋಣ. ನಾನು ಕೊಂಡಿದ್ದು ವೇದಿಕೆಯ ಮುಂದೆಯೇ ನಿಂತು ಕೇಳುವ ಅಗ್ಗದ ಟಿಕೆಟ್ಟು. ಕಾಲು ನೋಯುತ್ತದೆ, ಆದರೆ ವಾದಕರ ಬೆರಳುಗಳು ಕಾಣುವಷ್ಟು ಹತ್ತಿರ ಇನ್ನೆಲ್ಲಿ ನಿಲ್ಲಲು ಸಿಕ್ಕೀತು? ಮೊದಲು ಓಬೊ ಒಂದೇ ಸ್ವರವನ್ನು ಎಳೆದು ಹಿಡಿಯಿತು. ಅದಕ್ಕೆ ಉಳಿದ ವಾದ್ಯಗಳೆಲ್ಲ ಶ್ರುತಿ ಸೇರಿಸಿಕೊಂಡವು. ಪಿಟೀಲಿನವರು ಇಬ್ಬರಿಗೊಂದು ಸ್ಟ್ಯಾಂಡಿನಂತೆ ಕುಳಿತಿದ್ದರು. ನನ್ನ ಎದುರಿನ ಜೋಡಿಯಲ್ಲಿ ಹೊರಬದಿಗೆ ನೀಳಕಾಯದ ಹುಡುಗ, ಒಳಬದಿಗೆ ಅವನ ಭುಜದೆತ್ತರದ ಹುಡುಗಿ. ಪುಟ ತಿರುಗಿಸುವ ಕೆಲಸ ಒಳಬದಿಯವರದು. ಪುಟದ ಕೊನೆಯ ಸಾಲು ಬಂದಾಗ ಆಕೆ ಕಮಾನನ್ನು ಎತ್ತಿ, ಸದ್ದಾಗದಂತೆ ಹಾಳೆ ಮಗುಚಿ, ಎಲ್ಲಿ ಬಿಟ್ಟಿದ್ದಳೋ ಗೊತ್ತಾಗದ ಹಾಗೆ ನುಡಿಸಾಣಿಕೆಯಲ್ಲಿ ಮತ್ತೆ ಸೇರಿಕೊಳ್ಳುತ್ತಿದ್ದಳು. ಹಾಳೆಯ ತುಂಬ ಪೆನ್ಸಿಲ್ ಗುರುತುಗಳಿದ್ದವು. ಕಮಾನು ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಂಬುದನ್ನು ಇಡೀ ವಿಭಾಗ ಒಂದೇ ರೀತಿಯಲ್ಲಿ ಪಾಲಿಸಬೇಕಲ್ಲ.

ಇಷ್ಟು ಮಂದಿ ಒಟ್ಟಿಗೆ ಜೋರಾಗಿ ನುಡಿಸಿದಾಗ ನೆಲ ಅದುರುವುದು ದೊಡ್ಡ ಮಾತಲ್ಲ, ಸಂಖ್ಯೆಯೇ ಆ ಕೆಲಸವನ್ನು ಮಾಡಿಕೊಡುತ್ತದೆ. 160 ಮಂದಿ ಪಿಸುಮಾತಿನಷ್ಟು ಮೆಲ್ಲಗೆ ನುಡಿಸುವುದೇ ನಿಜವಾದ ಪರೀಕ್ಷೆ, ಏಕೆಂದರೆ ಅಲ್ಲಿ ಒಬ್ಬರ ಕಮಾನು ತುಸು ಭಾರವಾದರೂ ಎಲ್ಲರ ಕಿವಿಗೂ ಬೀಳುತ್ತದೆ. ಆ ರಾತ್ರಿ ಅಂಥ ಗಳಿಗೆಯೊಂದು ಬಂದಾಗ ಸುತ್ತ ನಿಂತಿದ್ದವರು ಕೆಮ್ಮನ್ನೂ ತಡೆಹಿಡಿದಿದ್ದರು.

ಇವರ 2012ರ ಪ್ರಾಮ್ಸ್ ಕಛೇರಿಯ ಬಗ್ಗೆ ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕೆನಿಸುತ್ತದೆ. ಅಂದು ವಾಸಿಲಿ ಪೆಟ್ರೆಂಕೊ ನಿರ್ದೇಶನದಲ್ಲಿ ನುಡಿಸಿದ್ದು ಫ್ರಾನ್ಸಿನ ಒಲಿವಿಯೆ ಮೆಸಿಯಾನರ ‘ತುರಂಗಲೀಲಾ’ ಸಿಂಫನಿಯನ್ನು. ಹೆಸರು ಸಂಸ್ಕೃತದ್ದೇ, ಶಾರ್ಙ್ಗದೇವನ ಸಂಗೀತ ರತ್ನಾಕರದಲ್ಲಿರುವ 120 ದೇಶೀ ತಾಳಗಳ ಪಟ್ಟಿಯಲ್ಲಿ ಅದು ಸಿಗುತ್ತದೆ. ಹತ್ತು ಭಾಗಗಳ, ಒಂದು ಗಂಟೆಗೂ ಮೀರಿದ ಕೃತಿಯದು. ಅದೇ ಸಂಜೆ ಆನಾ ಮೆರಿಡಿತ್ ರಚಿಸಿದ ಇನ್ನೊಂದು ಕೃತಿಯಲ್ಲಿ ಮಕ್ಕಳು ವಾದ್ಯಗಳನ್ನು ಮುಟ್ಟದೆ, ಚಪ್ಪಾಳೆ, ಮೈಮೇಲಿನ ತಟ್ಟು ಮತ್ತು ಕಂಠದಿಂದಲೇ ಲಯ ಕಟ್ಟಿದರು.

ಒಂದು ಅಳುಕು ಮಾತ್ರ ಉಳಿದಿದೆ. ಬಾಸೂನ್, ಹಾರ್ಪ್‌ನಂಥ ವಾದ್ಯಗಳೂ ಅವುಗಳ ಪಾಠವೂ ದುಬಾರಿ. ಮನೆಯಲ್ಲಿ ಅನುಕೂಲವಿಲ್ಲದ ಮಗು ಆಡಿಷನ್ನಿನ ಬಾಗಿಲವರೆಗೆ ಬರುವುದೇ ಕಷ್ಟ. ಸರ್ಕಾರಿ ಶಾಲೆಗಳ ಮಕ್ಕಳಿಗೂ ಅವಕಾಶ ಸಿಗಲೆಂದು ಈ ಸಂಸ್ಥೆ (ಇಂಗ್ಲಿಷಿನಲ್ಲಿ ಇದರ ಕಿರುಹೆಸರು ಎನ್‌ವೈಒ) ‘ಎನ್‌ವೈಒ ಇನ್‌ಸ್ಪೈರ್’ ಎಂಬ ಕಾರ್ಯಕ್ರಮವನ್ನು ನಡೆಸುತ್ತಿದೆ. ಆಯ್ಕೆಯ ಹೊಸ್ತಿಲಲ್ಲಿ ಕೂತು ಪ್ರತಿಭೆಯನ್ನು ಕಾಯುವುದಕ್ಕಿಂತ ಹೀಗೆ ಹುಡುಕಿಕೊಂಡು ಹೋಗುವುದೇ ಸರಿ ಎಂದು ನನಗೆ ತೋರುತ್ತದೆ.

ಚಪ್ಪಾಳೆ ನಿಂತು ದೀಪಗಳು ಹತ್ತಿದಾಗ, ವೇದಿಕೆಯ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ನೀಳಕಾಯದ ಹುಡುಗ ಸ್ಟ್ಯಾಂಡಿನ ಮೇಲಿದ್ದ ಪೆನ್ಸಿಲನ್ನು ತೆಗೆದು ಪಕ್ಕದವಳ ಕೈಗಿತ್ತು, ಪಿಟೀಲನ್ನು ಕಂಕುಳಲ್ಲಿ ಇರಿಸಿಕೊಂಡು ಒಳಗೆ ನಡೆದ. ಆಕೆ ಹಾಳೆಗಳನ್ನು ಜೋಡಿಸುತ್ತಾ ಇನ್ನೂ ಅಲ್ಲಿಯೇ ನಿಂತಿದ್ದಳು.