ಹಾಡಿನ ಮೇಲೆ ಮಾತಾಡಿದವನು ನಾನೇ

ನಮಸ್ಕಾರ. ಇವತ್ತು ಒಂದು ತಪ್ಪೊಪ್ಪಿಗೆ ಇದೆ.

ರೇಡಿಯೋದಲ್ಲಿ ನಿಮಗಿಷ್ಟದ ಹಾಡು ಶುರುವಾಗುತ್ತದೆ. ಮೊದಲಿಗೆ ಬರುವ ಆ ಕೊಳಲು ಕೇಳೋಣ ಅಂತ ಕಿವಿ ಕೊಡುತ್ತೀರಿ. ಅಷ್ಟರಲ್ಲಿ ಅದರ ಮೇಲೆ ಆರ್‌ಜೆಯ ಮಾತು. ಗಾಯಕ ಬಾಯಿ ತೆರೆಯುವ ತನಕ ಬಿಡುವುದಿಲ್ಲ. "ಸ್ವಲ್ಪ ಸುಮ್ನಿರಪ್ಪಾ" ಅಂತ ನಾನು ವರ್ಷಗಟ್ಟಲೆ ರೇಡಿಯೋಗೆ ಬೈದಿದ್ದೇನೆ. ನೀವೂ ಬೈದಿರುತ್ತೀರಿ, ಅಲ್ವಾ?

ಒಂದು ದಿನ ನನಗೇ ಆ ಕುರ್ಚಿ ಸಿಕ್ಕಿತು. ಕೇಳುಗರೊಬ್ಬರಿಗೆ ಅರ್ಧ ಗಂಟೆ ಮೈಕ್ ಕೊಡುತ್ತೇವೆ ಅಂದಿದ್ದರು. ನೇರ ಪ್ರಸಾರ. ಹೆಸರು ಕೊಟ್ಟಿದ್ದೆ, ಕರೆದರು. ನಾಲ್ಕು ಹಾಡು ಹಾಕಿದೆ. ನಾಲ್ಕರ ಮೇಲೂ ಮಾತಾಡಿದೆ.

ಯಾಕೆ ಅಂತ ಆಮೇಲೆ ತುಂಬಾ ಯೋಚನೆ ಮಾಡಿದ್ದೇನೆ. ಮುಕ್ಕಾಲು ಪಾಲು ತಪ್ಪು ಆ ಕೋಣೆಯದು. ಉಳಿದ ಕಾಲು ಪಾಲು ನನ್ನದು.

ಸ್ಟುಡಿಯೋ ಒಳಗೆ ಕೂತಾಗ ಸ್ಪೀಕರ್‌ನಲ್ಲಿ ಹಾಡು ಬರುತ್ತಾ ಇರುತ್ತದೆ. ಮನೆಯಲ್ಲಿ ಕೂತ ಹಾಗೆಯೇ ಇರುತ್ತದೆ. ನಮ್ಮ ಮೈಕ್ ತೆರೆದ ಕ್ಷಣ ಆ ಸ್ಪೀಕರ್ ತಾನಾಗೇ ಬಂದ್ ಆಗುತ್ತದೆ. ಇಲ್ಲದಿದ್ದರೆ ಅದರ ಸದ್ದು ಮತ್ತೆ ಮೈಕ್‌ಗೇ ಹೋಗಿ ಕುಂಯ್ ಅನ್ನುತ್ತದಲ್ಲ, ಅದಕ್ಕೆ. ಇದನ್ನು ನನಗೆ ಮೊದಲೇ ಹೇಳಿದ್ದರು. ಆದರೂ ಎದೆ ಧಸಕ್ ಅಂದಿತು. ಕೋಣೆ ತುಂಬಾ ಇದ್ದ ಸದ್ದು ಒಮ್ಮೆಗೇ ಮಾಯ. ಕೆಂಪು ದೀಪ ಹತ್ತಿತು. ಹೆಡ್‌ಫೋನ್‌ನಲ್ಲಿ ನನ್ನದೇ ಉಸಿರು. ಅಂಥ ಹೊತ್ತಿನಲ್ಲಿ ಯಾರೇ ಆದರೂ ಏನಾದರೊಂದು ಹೇಳಿಬಿಡುತ್ತಾರೆ. ಬಾವಿಗೆ ಇಣುಕಿದ ಮಗು "ಓ" ಅನ್ನುವುದಿಲ್ಲವೇ, ಹಾಗೆ.

ರೇಡಿಯೋದವರು ಮೌನಕ್ಕೆ ಇಟ್ಟಿರುವ ಹೆಸರು ಡೆಡ್ ಏರ್. ಹೆಸರಲ್ಲೇ ಸಾವಿದೆ ನೋಡಿ. ಒಂದಿಷ್ಟು ಸೆಕೆಂಡ್ ಸದ್ದೇ ಬರದಿದ್ದರೆ ಕೂಗಿಕೊಳ್ಳುವ ಯಂತ್ರವೇ ಇರುತ್ತದೆ. ಕೆಲವು ಕಡೆ ಅದು ತಾನೇ ಬೇರೆ ಹಾಡು ಹಾಕಿಬಿಡುತ್ತದೆ. ಇನ್ನು ಬೈಗುಳಕ್ಕೊಂದು ಬಟನ್. ನೇರ ಪ್ರಸಾರ ಅಂದರೆ ಎಷ್ಟೋ ಕಡೆ ಪೂರ್ತಿ ನೇರ ಅಲ್ಲ. ಮಾತನ್ನು ಕೆಲವು ಸೆಕೆಂಡ್ ಹಿಡಿದಿಟ್ಟು ಹೊರಗೆ ಬಿಡುತ್ತಾರೆ. ನೀವು ಬಾಯಿ ಹರಿಬಿಟ್ಟರೆ ಗಾಜಿನ ಆಚೆ ಕೂತವರು ಬಟನ್ ಒತ್ತುತ್ತಾರೆ, ಆ ತುಣುಕು ಹಾರಿಹೋಗುತ್ತದೆ. ಕೆಟ್ಟ ಮಾತಿಗೆ ಬಟನ್ ಇದೆ. ಮಾತೇ ಇಲ್ಲದಿದ್ದರೆ ಅಲಾರಾಂ ಇದೆ. ಜಾಸ್ತಿ ಮಾತಾಡಿದರೆ? ಅದಕ್ಕೆ ಏನೂ ಇಲ್ಲ!

ತಮಾಷೆ ಅಂದರೆ ರೇಡಿಯೋದ ಶುರುವಿನ ಕಾಲದಲ್ಲಿ ಒಬ್ಬರು ಹಾಡು ಹಾಕಿದ್ದೇ ಮಾತು ನಿಲ್ಲಿಸುವುದಕ್ಕೆ. ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ ಫ್ರಾಂಕ್ ಕಾನ್ರಾಡ್ ಅಂತ ಒಬ್ಬ ಇಂಜಿನಿಯರ್ ಇದ್ದರು. ಕೆಲಸ ಮುಗಿಸಿ ಮನೆಗೆ ಬಂದು ಗ್ಯಾರೇಜಿನಿಂದ ಹವ್ಯಾಸಕ್ಕೆ ರೇಡಿಯೋ ನಡೆಸುತ್ತಿದ್ದರು. ಪರೀಕ್ಷೆಗೆ ಅಂತ ಮಾತಾಡಿ ಮಾತಾಡಿ ಗಂಟಲು ಸೋತು, 1919ರಲ್ಲಿ ಮೈಕ್ ಎದುರು ಗ್ರಾಮಫೋನ್ ಇಟ್ಟರು ಅಂತ ಹೇಳುತ್ತಾರೆ. ಕೇಳುಗರಿಂದ ಪತ್ರಗಳ ಮೇಲೆ ಪತ್ರ. ಇಂಥ ಹಾಡು ಹಾಕಿ, ಅಂಥ ಹಾಡು ಹಾಕಿ ಅಂತ. ಕೊನೆಗೆ ವಾರಕ್ಕೆ ಇಂತಿಷ್ಟು ಹೊತ್ತು ಅಂತ ಗೊತ್ತುಮಾಡಬೇಕಾಯಿತು. ಮರುವರ್ಷ, 1920ರ ನವೆಂಬರ್ 2ರಂದು, ಅವರ ಕಂಪನಿ ವೆಸ್ಟಿಂಗ್‌ಹೌಸ್ ಕೆಡಿಕೆಎ ಕೇಂದ್ರ ಶುರುಮಾಡಿ ಚುನಾವಣೆಯ ಫಲಿತಾಂಶ ಪ್ರಸಾರ ಮಾಡಿತು. ಆ ಕಾನ್ರಾಡ್‌ಗೆ ಯಾರೂ "ಹೀಗೆ ಮಾತಾಡಿ" ಅಂತ ಹೇಳಿಕೊಟ್ಟಿರಲಿಲ್ಲ ಅಂತ ನನ್ನ ಊಹೆ. ಅಲ್ಲಿ ಅನುಕರಿಸೋಕೆ ಯಾರಿದ್ದರು?

ನನಗೆ ಇದ್ದರು. ಕಾಲು ಪಾಲು ತಪ್ಪು ನನ್ನದು ಅಂದೆನಲ್ಲ, ಅದು ಇದೇ. ಮೈಕ್ ತೆರೆದಾಗ ಬಾಯಿಂದ ಹೊರಟ ದನಿ ನನ್ನದಾಗಿರಲಿಲ್ಲ. ಒಂದು ಸುತ್ತು ಎತ್ತರ, ಎರಡು ಪಟ್ಟು ವೇಗ, ಪ್ರತಿ ವಾಕ್ಯದ ಕೊನೆಗೂ ಒಂದು ನಗು. ನಗುವಂಥದ್ದು ಏನೂ ಆಗಿರಲಿಲ್ಲ. ನಾನು ವರ್ಷಗಟ್ಟಲೆ ಬೈದವರೆಲ್ಲ ನನ್ನೊಳಗೇ ಬಾಡಿಗೆಗಿದ್ದರು ಅಂತ ಕಾಣುತ್ತದೆ.

ಹೊರಗೆ ಬಂದಾಗ ಅಲ್ಲಿನವರು ಬೆನ್ನು ತಟ್ಟಿದರು. "ಸರ್, ನೀವು ಥೇಟ್ ಆರ್‌ಜೆ ಥರಾನೇ ಮಾತಾಡಿದ್ರಿ!" ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬಸ್ಸಿನಲ್ಲಿ ಕೂತ ಮೇಲೆ ಯೋಚನೆ ಬಂತು. ಆರ್‌ಜೆ ಥರಾನೇ ಮಾತಾಡುವವರು ಬೇಕಿದ್ದರೆ ಅವರ ಹತ್ತಿರ ಆರ್‌ಜೆ ಇದ್ದಾರಲ್ಲ? ನನ್ನನ್ನು ಯಾಕೆ ಕರೆದರು?

ನನ್ನ ತಕರಾರು ಇಷ್ಟೇ. ಕೇಳುಗರಿಗೆ ಮೈಕ್ ಕೊಡುವುದು ಒಳ್ಳೆಯದೇ, ಇನ್ನೂ ಕೊಡಿ. ಆದರೆ ಬಹುಮಾನದ ಥರ ಕೊಡಬೇಡಿ. ಬರೆದ ಸಾಲು ಓದಿಸಿ, ಫೋಟೋ ತೆಗೆದು, ಕಳಿಸಿಬಿಟ್ಟರೆ ಅದು ಫ್ಯಾನ್ಸಿ ಡ್ರೆಸ್. ಮೈಕ್‌ನಿಂದ ಎಷ್ಟು ದೂರ ಕೂರಬೇಕು, ಕಾಗದ ಹೇಗೆ ಸದ್ದಾಗದಂತೆ ಹಿಡಿಯಬೇಕು, 'ಪ', 'ಫ' ಬಂದಾಗ ಉಸಿರು ಮೈಕ್‌ಗೆ ಹೊಡೆಯದ ಹಾಗೆ ಮುಖ ಹೇಗೆ ಓರೆ ಮಾಡಬೇಕು, ಇದೆಲ್ಲ ನನಗೆ ಚೆನ್ನಾಗಿ ಹೇಳಿಕೊಟ್ಟರು. "ಬೇಕಿದ್ದರೆ ಸುಮ್ಮನಿರಬಹುದು" ಅಂತ ಮಾತ್ರ ಯಾರೂ ಹೇಳಲಿಲ್ಲ. ಕೇಳುಗನಿಗೆ ಚೆನ್ನಾಗಿ ಬರುವ ಕೆಲಸ ಕೇಳುವುದು. ಹಾಡಿನ ಹೆಸರು ಹೇಳಿ, ಅದು ಯಾಕೆ ಇಷ್ಟ ಅಂತ ಒಂದು ಮಾತು ಹೇಳಿ, ನಿಮ್ಮ ಜೊತೆ ಕೂತು ಪೂರ್ತಿ ಕೇಳುವವನನ್ನು ಒಮ್ಮೆ ಕೂರಿಸಿ ನೋಡಿ.

ಅವತ್ತಿನ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಕೊನೆಯ ಹಾಡಿಗೆ ಶುರುವಿನಲ್ಲಿ 22 ಸೆಕೆಂಡ್ ಬರೀ ಕೊಳಲು. ಅದನ್ನು ಆರಿಸಿದ್ದೇ ಆ ಕೊಳಲಿಗೋಸ್ಕರ. ಅದರಲ್ಲಿ 19 ಸೆಕೆಂಡ್ ನಾನು ಮಾತಾಡಿದ್ದೇನೆ. ಏನು ಮಾತಾಡಿದ್ದೇನೆ ಅಂತೀರಾ? "ಈಗ ಬರೋ ಕೊಳಲು ಕೇಳಿ, ಎಷ್ಟು ಚೆನ್ನಾಗಿದೆ" ಅಂತ.