ಕೂನೂರಿಗೆ ಬಂದಿದ್ದ ಕವಿ ಮೇಷ್ಟ್ರು

ಕೇಳುಗರಿಗೆ ನಮಸ್ಕಾರ.

ನಮ್ಮ ಕೂನೂರಿನಲ್ಲಿ ಸೈನಿಕರು ಎದುರಾದರೆ ಯಾರೂ ನಿಂತು ನೋಡುವುದಿಲ್ಲ. ಪಕ್ಕದಲ್ಲೇ ವೆಲಿಂಗ್ಟನ್ ದಂಡು ಇದೆಯಲ್ಲ, ದಿನಾ ಕಂಡು ಅಭ್ಯಾಸ. 1943ರ ಜುಲೈನಲ್ಲಿ ರಜೆ ಕಳೆಯಲು ಇಲ್ಲಿಗೆ ಬಂದ ಒಬ್ಬ ಲೆಫ್ಟಿನೆಂಟರನ್ನೂ ಜನ ಹಾಗೇ ದಾಟಿ ಹೋಗಿರಬೇಕು. ಅವರ ಹೆಸರು ಅಲುನ್ ಲೂಯಿಸ್. ವಯಸ್ಸು 28. ಸೈನ್ಯ ಸೇರುವ ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಇಲ್ಲಿನ ಪೌಷ್ಟಿಕ ಆಹಾರ ಸಂಶೋಧನಾಲಯದ ನಿರ್ದೇಶಕ ಐಕ್ರಾಯ್ಡ್ ಅವರ ಮನೆಯಲ್ಲಿ ಉಳಿದುಕೊಂಡಿದ್ದರು. ಆ ಹೊತ್ತಿಗೆ ಅವರ ಒಂದು ಕವನ ಸಂಕಲನವೂ ಹೊರಬಂದಿತ್ತು.

ಅವರು ಹುಟ್ಟಿದ್ದು ವೇಲ್ಸ್‌ನ ಕುಮಾಮನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಸುತ್ತಲಿನ ಗಂಡಸರು ಗಣಿಗೆ ಇಳಿಯುತ್ತಿದ್ದರು. ಅಪ್ಪ ಮಾತ್ರ ಮೇಷ್ಟ್ರು. ಮಗನೂ ಪೆಂಗಮ್‌ನ ಶಾಲೆಯಲ್ಲಿ ಪಾಠಕ್ಕೆ ನಿಂತ. ಯುದ್ಧ ಎಂದರೆ ಒಗ್ಗದ ಮನಸ್ಸು. ಆದರೂ 1940ರಲ್ಲಿ ಸೈನ್ಯ ಸೇರಿದರು.

ಅವರ ಹೆಸರುವಾಸಿಯಾದ ಮಳೆಯ ಕವಿತೆಯಲ್ಲಿ ಒಂದು ಗುಂಡಿನ ಸದ್ದೂ ಇಲ್ಲ. ಇಂಗ್ಲೆಂಡಿನ ಬಯಲಲ್ಲಿ ಡೇರೆ ಹಾಕಿದ್ದಾರೆ. ಇಡೀ ದಿನ ಮಳೆ. ಒಳಗೆ ಮಲಗಿರುವ ಸೈನಿಕರು ಬೀಡಿಯಂಥ ಅಗ್ಗದ ಸಿಗರೇಟು ಸೇದುತ್ತಾರೆ, ಕೊಳಕು ಕಾಲುಚೀಲಕ್ಕೆ ಹೊಲಿಗೆ ಹಾಕುತ್ತಾರೆ, ಭಾನುವಾರದ ಪೇಪರ್ ಓದುತ್ತಾರೆ. ಹುಡುಗಿಯರ ಮಾತಾಡಿದಷ್ಟೇ ಸಲೀಸಾಗಿ ರೋಮ್ ಮೇಲೆ ಬಾಂಬು ಹಾಕುವ ಮಾತೂ ಬರುತ್ತದೆ. ಕೊನೆಗೆ ಕವಿಯ ಮನಸ್ಸು ಮೊದಲ ಮಹಾಯುದ್ಧದಲ್ಲಿ ಸತ್ತ ಇನ್ನೊಬ್ಬ ಕವಿ ಎಡ್ವರ್ಡ್ ಥಾಮಸ್ ಕಡೆಗೆ ಹೋಗುತ್ತದೆ. ಥಾಮಸ್ ಅವರ ಹಾಡನ್ನು ಗುಂಡೊಂದು ನಿಲ್ಲಿಸಿತು ಎಂದು ಲೂಯಿಸ್ ಬರೆಯುತ್ತಾರೆ. ಆ ಸಾಲು ಓದುವಾಗ ನನಗೆ ಪ್ರತಿ ಸಲವೂ ಹೊಟ್ಟೆ ಚುರ್ ಅನ್ನುತ್ತದೆ.

1942ರ ಕೊನೆಗೆ ಹಡಗಿನಲ್ಲಿ ಭಾರತಕ್ಕೆ ಬಂದರು. ಪುಣೆಯ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿದ್ದರು, ಫುಟ್‌ಬಾಲ್ ಆಡುವಾಗ ದವಡೆ ಮುರಿದಿತ್ತು. ಆ ಕಡೆಯ ಘಟ್ಟಗಳ ಮೇಲೆ ಬರೆದ ಕವಿತೆಯಲ್ಲಿ ಒಣಗಿದ ನೆಲ ಇದೆ, ಬಡ ರೈತರಿದ್ದಾರೆ. ರಸ್ತೆಯ ತುದಿ ಹತ್ತುತ್ತಿರುವವನು ಯಾರು ಎಂದು ಕೇಳಿ, ಹೊರೆ ಹೊತ್ತ ಭಿಕ್ಷುಕ ಎನ್ನುತ್ತಾರೆ. ಉದುರುವ ನಕ್ಷತ್ರ ಕಂಡು ಕೂಗಿದವನು ಯಾರು? ಯುದ್ಧದಲ್ಲಿ ದಾರಿ ತಪ್ಪಿದ, ತುಂಡು ನೆಲವೂ ಇಲ್ಲದ ಸಿಪಾಯಿ. ನಮ್ಮನ್ನು ಆಳುತ್ತಿದ್ದವರ ಸೈನ್ಯದ ಅಧಿಕಾರಿ ಅವರು, ಅದನ್ನು ಮರೆಯಬೇಕಿಲ್ಲ. ಆದರೆ ಒಳ್ಳೆ ಮೇಷ್ಟ್ರಿಗೆ ಹಿಂದಿನ ಬೆಂಚಿನ ಹುಡುಗ ಮೊದಲು ಕಾಣುವ ಹಾಗೆ, ಅವರಿಗೆ ಭಿಕ್ಷುಕನೂ ರೈತನೂ ಮೊದಲು ಕಂಡರು. ಗಣಿಯ ಊರಿನಲ್ಲಿ ಬೆಳೆದ ಕಣ್ಣು, ಅಲ್ವಾ?

ಮುಂದೆ ಅವರ ತುಕಡಿ ಬರ್ಮಾದ ಅರಾಕಾನ್‌ಗೆ ಹೋಯಿತು. ಅವರು ಗುಪ್ತಚರ ಅಧಿಕಾರಿ. ಮುಂಚೂಣಿಗೆ ಹೋಗಲೇಬೇಕೆಂದೇನೂ ಇರಲಿಲ್ಲ. ತಾವೇ ಕೇಳಿಕೊಂಡು ಹೋದರು. 1944ರ ಮಾರ್ಚ್ 5ರ ಬೆಳಿಗ್ಗೆ ಮುಖ ತೊಳೆದು ಗಡ್ಡ ಹೆರೆದುಕೊಂಡಿದ್ದರು. ಸ್ವಲ್ಪ ಹೊತ್ತಿನಲ್ಲೇ ತಲೆಗೆ ಗುಂಡು ತಗುಲಿ ಬಿದ್ದಿದ್ದರು. ಕೈಯಲ್ಲಿ ಅವರದೇ ರಿವಾಲ್ವರ್. ಅದೇ ದಿನ ತೀರಿಕೊಂಡರು. ಎಡವಿ ಬಿದ್ದು ಆದ ಅಪಘಾತ ಎಂದು ಸೈನ್ಯದ ವಿಚಾರಣೆ ಹೇಳಿತು. ತಾವೇ ಪ್ರಾಣ ತೆಗೆದುಕೊಂಡಿರಬಹುದು ಎಂದು ಬರೆದವರೂ ಬಹಳ ಮಂದಿ. ಹೇಗೇ ಆಗಿರಲಿ, ಅವರನ್ನು ಅಲ್ಲಿಗೆ ಕರೆದೊಯ್ದದ್ದು ಯುದ್ಧವೇ ಎಂದು ನಾನು ತಿಳಿದಿದ್ದೇನೆ. ಸಮಾಧಿ ರಂಗೂನಿನ ಹತ್ತಿರ, ತೌಕ್ಯಾನ್‌ನಲ್ಲಿದೆ. ಎರಡನೆಯ ಸಂಕಲನ ಅಚ್ಚಾಗಿ ಬಂದದ್ದು 1945ರಲ್ಲಿ.

ನೀಲಗಿರಿಯ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಐಪ್ಪಸಿ ತಿಂಗಳ, ಅಂದರೆ ಅಕ್ಟೋಬರ್-ನವೆಂಬರ್‌ನ ಮಳೆ ಹಿಡಿದು ಮಕ್ಕಳನ್ನು ಆಟಕ್ಕೆ ಬಿಡಲಾಗದ ದಿನ ಆ ಮಳೆಯ ಕವಿತೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ. ಕಷ್ಟದ ಪದಗಳನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಿ. ಬರೆದವರು ನಮ್ಮೂರಿಗೆ ಬಂದಿದ್ದ ಒಬ್ಬ ಮೇಷ್ಟ್ರು ಅಂತಲೂ ಹೇಳಿ.

ನಮಸ್ಕಾರ.