ಒಂದೇ ಗುಂಡಿಯ ಟಾರ್ಚ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ನಮ್ಮಲ್ಲಿ ಹಳಬರು ಟಾರ್ಚಿಗೆ ಈಗಲೂ ಬ್ಯಾಟ್ರಿ ಅಂತಲೇ ಹೇಳುತ್ತಾರೆ. 'ಬ್ಯಾಟ್ರಿ ಬಿಡು, ಏನೋ ಸರಿದ ಹಾಗಾಯ್ತು' ಅಂದರೆ ಅತ್ತ ಬೆಳಕು ಹಾಯಿಸು ಎಂದರ್ಥ. ಮೂರು ಸೆಲ್ಲಿನ ಉದ್ದನೆಯ ಬ್ಯಾಟ್ರಿ ನಿಮಗೂ ನೆನಪಿರಬೇಕು. ಗುಂಡಿ ಮುಂದೆ ತಳ್ಳಿದರೆ ಬೆಳಕು, ಹಿಂದೆ ಎಳೆದರೆ ಕತ್ತಲೆ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಿಲ್ಲ.

ಎರಡು ವರ್ಷದ ಹಿಂದೆ ಅಪ್ಪಯ್ಯನಿಗೆ ಅಂತ ಒಂದು ಚಿಕ್ಕ ರೀಚಾರ್ಜ್ ಟಾರ್ಚ್ ತರಿಸಿದೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ತೋಟದ ಆಚೆ ತುದಿಯ ಮರದ ಗೊನೆ ಕಾಣುವಷ್ಟು ಬೆಳಕು. ಬೇಸಿಗೆಯಲ್ಲಿ ನಮಗೆ ಪಂಪಿಗೆ ತ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿಯೇ. 12 ಗಂಟೆ ಮೇಲೆ ಮೋಟಾರ್ ಹಾಕಲು ಅಪ್ಪಯ್ಯ ಹೊರಟರು, ಹಿಂದೆ ನಾನು. ದಾರಿಯಲ್ಲಿ ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ ಇದೆ. ಸಂಕದ ನಡುವೆ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಸ್ವಲ್ಪ ಕಡಿಮೆ ಮಾಡೋಣ ಅಂತ ಗುಂಡಿ ಒತ್ತಿದರು. ಸ್ವಲ್ಪ ಇಳಿಯಿತು. ಮತ್ತೆ ಒತ್ತಿದರು, ಇನ್ನೂ ಇಳಿಯಿತು. ಆರಿಹೋದೀತು ಎಂದು ಇನ್ನೊಮ್ಮೆ ಒತ್ತಿದಾಗ ಟಾರ್ಚ್ ಪಟಪಟ ಮಿಣುಕಲು ಶುರುವಾಯಿತು. ಕಾಲಡಿಯ ಮರ ಒಂದು ಕ್ಷಣ ಕಾಣುತ್ತದೆ, ಮರುಕ್ಷಣ ಇಲ್ಲ. ಮತ್ತೆ ಒತ್ತಿದರೆ ಇನ್ನೊಂದು ಬಗೆಯ ಮಿಣುಕು. 72 ವರ್ಷದ ಅಪ್ಪಯ್ಯ ಸಂಕದ ಮೇಲೆ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಾನು ಮೊಬೈಲ್ ಬೆಳಕು ಹಿಡಿದು, ಕೈ ಕೊಟ್ಟು ದಾಟಿಸಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟಾರ್ಚಿನ ಡಬ್ಬಿಯ ಮೇಲೆ ಎಷ್ಟು ಲುಮೆನ್, ಅಂದರೆ ಎಷ್ಟು ಬೆಳಕು ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಬರೆದಿರುವುದಿಲ್ಲ. ನಿದ್ದೆಗಣ್ಣಲ್ಲಿ, ಮಳೆಯಲ್ಲಿ ನೆನೆದ ಕೈಯಲ್ಲಿ ನಾವು ಮುಟ್ಟುವುದು ಗುಂಡಿಯನ್ನೇ ಅಲ್ವಾ? ಅದಕ್ಕೇ ನಾನೀಗ ಮೊದಲು ಗುಂಡಿಯನ್ನೇ ನೋಡುತ್ತೇನೆ.

ಒಳ್ಳೆಯ ಟಾರ್ಚಿನಲ್ಲಿ ಒಮ್ಮೆ ಒತ್ತಿದರೆ ಹೊತ್ತಬೇಕು, ಇನ್ನೊಮ್ಮೆ ಒತ್ತಿದರೆ ಆರಬೇಕು. ನಡುವೆ ಬೇರೇನೂ ಬರಕೂಡದು. ಬೆಳಕು ಹೆಚ್ಚು ಕಡಿಮೆ ಮಾಡಲು ಗುಂಡಿ ಒತ್ತಿ ಹಿಡಿಯುವ ಹಾಗಿರಬೇಕು. ಎರಡು ಸಲ ಬೇಗ ಒತ್ತಿದರೆ ಪೂರ್ತಿ ಬೆಳಕು ಬಂದರೆ ಸಾಕು. ಮಿಣುಕುವುದು ಬೇಕಾದವರಿಗೆ ಇರಲಿ, ಆದರೆ ತಪ್ಪಿ ಕೈ ತಾಗಿದರೂ ಸಿಗದಂತೆ ಒಳಗೆಲ್ಲೋ ಇರಲಿ.

ಇನ್ನೊಂದು ಮಾತು. ಆರಿರುವಾಗ ಗುಂಡಿ ಒತ್ತಿ ಹಿಡಿದರೆ ಹಣತೆಗಿಂತ ಸಣ್ಣ ಬೆಳಕು ಬರುವ ಟಾರ್ಚ್‌ಗಳಿವೆ. ಇದು ಬಹಳ ಒಳ್ಳೆಯ ಗುಣ. ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಪೂರ್ತಿ ಬೆಳಕು ಒಮ್ಮೆ ಮುಖಕ್ಕೆ ಬಡಿದರೆ ಆ ಹೊಂದಿಕೆ ಕ್ಷಣದಲ್ಲಿ ಕೆಟ್ಟುಹೋಗುತ್ತದೆ. ಮಗು ಮಲಗಿದ ಕೋಣೆಯಲ್ಲಿ ಎದ್ದು ನೀರು ಕುಡಿಯಲು ಸಾವಿರ ಲುಮೆನ್ ಯಾಕೆ ಬೇಕು?

ಅಂಗಡಿಯಲ್ಲಿ ಹೀಗೆ ಮಾಡಿ. ಟಾರ್ಚನ್ನು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ. ಹೆಬ್ಬೆರಳು ತಾನಾಗಿ ಗುಂಡಿಯ ಮೇಲೆ ಹೋಗುತ್ತದಾ? ಕೆಲವು ಚಿಕ್ಕ ಟಾರ್ಚ್‌ಗಳಲ್ಲಿ ಗುಂಡಿಯ ಎದುರು ಬದಿಗೆ ಚಾರ್ಜಿಂಗ್ ಪಿನ್ನಿನ ರಬ್ಬರ್ ಮುಚ್ಚಳ ಇರುತ್ತದೆ. ಎರಡೂ ಒಂದೇ ಗಾತ್ರ, ಎರಡೂ ಮೆತ್ತಗೆ. ಕತ್ತಲಲ್ಲಿ ಮುಚ್ಚಳವನ್ನೇ ಒತ್ತುತ್ತಾ ಟಾರ್ಚ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಆಮೇಲೆ ಆ ಮುಚ್ಚಳ ಸಡಿಲಾಗಿ ನೀರು ಒಳಗೆ ಹೋಗುತ್ತದೆ. ಟಾರ್ಚ್ ನೀರನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಐಪಿಎಕ್ಸ್ ಎಂಬ ಸಂಖ್ಯೆ ಹೇಳುತ್ತದೆ. ನಮ್ಮ ಮಳೆಗೆ ಐಪಿಎಕ್ಸ್ 4 ಸಾಲದು, ಅದು ನೀರಿನ ಸಿಡಿತಕ್ಕೆ ಮಾತ್ರ. 7 ಅಥವಾ 8 ಇರಲಿ.

ನಾನು ಕೊನೆಗೆ ಆರಿಸಿದ್ದರಲ್ಲಿ ಆಂಡುರಿಲ್ ಎಂಬ ತಂತ್ರಾಂಶ ಇದೆ. ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಅದು. ಅದರಲ್ಲಿ ಸಾದಾ ಕ್ರಮ ಅಂತ ಒಂದಿದೆ. ಆ ಕ್ರಮದಲ್ಲಿ ಎಷ್ಟು ಒತ್ತಿದರೂ ಆ ಪಟಪಟ ಮಿಣುಕು ಬರುವುದಿಲ್ಲ. ಆರಿರುವಾಗ ಮೂರು ಸಲ ಒತ್ತಿದರೆ ಸೆಲ್ಲಿನಲ್ಲಿ ಚಾರ್ಜ್ ಎಷ್ಟಿದೆ ಎಂದು ಮಿನುಗಿ ತಿಳಿಸುತ್ತದೆ. ಮೂರು ಮಿನುಗು, ಸ್ವಲ್ಪ ತಡೆದು ಎಂಟು ಮಿನುಗು ಬಂದರೆ 3.8 ವೋಲ್ಟ್. 4.2 ಅಂದರೆ ತುಂಬಿದೆ, 3ರ ಹತ್ತಿರ ಬಂದರೆ ಚಾರ್ಜ್ ಹಾಕಬೇಕು. ನಾಲ್ಕು ಸಲ ಒತ್ತಿದರೆ ಬೀಗ ಬೀಳುತ್ತದೆ. ಈ ಬೀಗವನ್ನು ಹಗುರವಾಗಿ ನೋಡಬೇಡಿ. ಇಷ್ಟು ಚಿಕ್ಕ ಟಾರ್ಚ್ ಜೇಬಿನಲ್ಲಿ ತಾನಾಗಿ ಪೂರ್ತಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗಬಹುದು.

ಲುಮೆನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 500ಕ್ಕೂ 1000ಕ್ಕೂ ನಮ್ಮ ಕಣ್ಣಿಗೆ ಎರಡರಷ್ಟು ವ್ಯತ್ಯಾಸ ಕಾಣುವುದಿಲ್ಲ. ಕಣ್ಣಿಗೆ ಎರಡರಷ್ಟು ಅನಿಸಬೇಕಾದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಬೇಕು. ಅಲ್ಲದೆ ಚಿಕ್ಕ ಟಾರ್ಚ್ ಒಂದೆರಡು ನಿಮಿಷದಲ್ಲೇ ಕಾದು ಬೆಳಕನ್ನು ತಾನೇ ಇಳಿಸಿಕೊಳ್ಳುತ್ತದೆ. ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕವೂ ಅಷ್ಟೇ. ಎಫ್‌ಎಲ್ 1 ಎಂಬ ಅಳತೆಯಲ್ಲಿ, ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಹೊತ್ತು ಲೆಕ್ಕ ಹಾಕುತ್ತಾರೆ. ಮೂರು ಗಂಟೆ ಎಂದರೆ ಮೂರು ಗಂಟೆಯೂ ಅದೇ ಬೆಳಕು ಎಂದಲ್ಲ.

ಬೆಳಕಿನ ಬಣ್ಣ ಮಾತ್ರ ನೋಡಲೇಬೇಕು. ತರಗೆಲೆಯ ಮೇಲೆ ಕೊಳಕುಮಂಡಲ ಬಿದ್ದುಕೊಂಡಿದ್ದರೆ ಕಂದಿನೊಳಗಿನ ಕಂದು ಬೇರೆಯಾಗಿ ಕಾಣಬೇಕು. ನೀಲಿ ಬೆರೆತ ಬಿಳಿ ಬೆಳಕಿನಲ್ಲಿ ಎಲೆ, ಮಣ್ಣು, ಹಾವು ಎಲ್ಲ ಒಂದೇ ಬೂದಿ ಬಣ್ಣ. ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಳತೆಗೆ ಸಿಆರ್‌ಐ ಅನ್ನುತ್ತಾರೆ. ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚಿನ, ಸ್ವಲ್ಪ ಹಳದಿ ಕಡೆಗಿರುವ ಬೆಳಕು ಕೇಳಿ ತೆಗೆದುಕೊಳ್ಳಿ. ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದು ನಡೆಯಿರಿ. ನೆಲದ ಮೇಲಿರುವುದರ ನೆರಳು ಉದ್ದ ಬಿದ್ದು ಬೇಗ ಗೊತ್ತಾಗುತ್ತದೆ, ಮಂಜಿನಲ್ಲಿ ಕಣ್ಣಿಗೂ ಅಷ್ಟು ಕುಕ್ಕುವುದಿಲ್ಲ.

ಸೆಲ್ಲು ಹೊರಗೆ ತೆಗೆಯಲು ಬರುವಂಥದ್ದೇ ಇರಲಿ. 18650 ಎಂಬ ಸೆಲ್ಲು ಎಲ್ಲೆಡೆ ಸಿಗುತ್ತದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆ ಇದೆ. ಅಷ್ಟು ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ 2500ರಿಂದ 3500 ಎಂಎಎಚ್ ಚಾರ್ಜ್ ಹಿಡಿಯುತ್ತದೆ. ಅದರ ಮೇಲೆ 9900 ಎಂದು ಬರೆದಿದ್ದರೆ ಅದು ಸುಳ್ಳು, ಮುಟ್ಟಬೇಡಿ. ಕೊಳ್ಳುವ ಮೊದಲು ನಿಮ್ಮ ಫೋನಿನ ಚಾರ್ಜರನ್ನೇ ಒಯ್ದು ಚುಚ್ಚಿ ನೋಡಿ. ಎರಡೂ ತುದಿಯಲ್ಲಿ ಟೈಪ್ ಸಿ ಪಿನ್ ಇರುವ ಕೇಬಲ್ಲಿಗೆ ಕೆಲವು ಅಗ್ಗದ ಟಾರ್ಚ್‌ಗಳು ಚಾರ್ಜ್ ಆಗುವುದೇ ಇಲ್ಲ.

ಅಪ್ಪಯ್ಯನ ಹೊಸ ಟಾರ್ಚಿನ ಗುಂಡಿಯ ಪಕ್ಕದಲ್ಲಿ ಹಳೆ ಸೈಕಲ್ ಟ್ಯೂಬಿನ ಒಂದು ಉಂಗುರ ಹಾಕಿಕೊಟ್ಟಿದ್ದೇನೆ, ಹೆಬ್ಬೆರಳಿಗೆ ಗುರುತು ಸಿಗಲಿ ಅಂತ. ಮೊನ್ನೆ ರಾತ್ರಿ ಮತ್ತೆ ಅದೇ ಸಂಕಕ್ಕೆ ಬಂದೆವು. ಅಪ್ಪಯ್ಯ ಸಂಕದ ಈಚೆ ನಿಂತು ಗುಂಡಿ ಒತ್ತಿ ಹಿಡಿದರು. ಬೆಳಕು ಏರಿತು. ಬಿಟ್ಟು, ತಕ್ಷಣ ಮತ್ತೆ ಹಿಡಿದರು. ಬೆಳಕು ನಿಧಾನಕ್ಕೆ ಇಳಿಯಿತು. ಮರದ ಮೇಲಿನ ಪಾಚಿ ಹಸಿರಾಗಿ ಕಾಣುವಷ್ಟಕ್ಕೆ ಬೆರಳು ತೆಗೆದು, 'ಬಾ' ಎಂದು ಮುಂದೆ ನಡೆದರು.

ನಮಸ್ಕಾರ.